ಕಾರ್ಬನ್ ಫೈಬರ್, ಗ್ಲಾಸ್ ಫೈಬರ್ ಶೀಟಿಗೆ ಸಿಬಿರೇಳದ ಹಾಗೆ ತೂತು ಕೊರೆಯುವುದು ಹೇಗೆ?

"ಮೇಲಿನಿಂದ ನೋಡಿದರೆ ತೂತು ಅಚ್ಚುಕಟ್ಟಾಗಿದೆ. ತಿರುಗಿಸಿ ನೋಡಿದರೆ ಪದರ ಕಿತ್ತು ಬಂದಿದೆ. ಯಾವ ಬಿಟ್ ತಗೊಳ್ಳಲಿ?"

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಡ್ರೋನ್ ಫ್ರೇಮ್ ಮಾಡುವವರು ಕೇಳುತ್ತಾರೆ, ದೋಣಿ ರಿಪೇರಿ ಮಾಡುವವರು ಕೇಳುತ್ತಾರೆ, ಸಿಎನ್‌ಸಿ ಮೆಷಿನ್, ಅಂದರೆ ಕಂಪ್ಯೂಟರ್ ನಡೆಸುವ ಕತ್ತರಿಸುವ ಯಂತ್ರದ ಮೇಲೆ ಮೊದಲ ಸಲ ಕಾಂಪೊಸಿಟ್ ಹಾಕುತ್ತಿರುವವರೂ ಕೇಳುತ್ತಾರೆ. ಎಲ್ಲರ ಗಮನವೂ ಬಿಟ್ ಮೇಲೇ. ಬಿಟ್ ಮುಖ್ಯ, ಇಲ್ಲ ಅನ್ನುವುದಿಲ್ಲ. ಆದರೆ ಶೀಟಿನ ಹಿಂದೆ ಏನು ಇಟ್ಟಿದ್ದೀರಿ, ಎಷ್ಟು ಜೋರಾಗಿ ಒತ್ತುತ್ತಿದ್ದೀರಿ ಅನ್ನುವುದು ಅದಕ್ಕಿಂತ ಮುಖ್ಯ.

ಹಾಳಾಗುವುದು ಎಲ್ಲಿ, ಯಾಕೆ

ಫೈಬರ್ ಕಾಂಪೊಸಿಟ್ ಅಂದರೆ ನಾರಿನ ಬಟ್ಟೆಯನ್ನೋ ಎಳೆಗಳನ್ನೋ ಪದರ ಪದರವಾಗಿ ಇಟ್ಟು, ರೆಸಿನ್ ಅನ್ನುವ ಅಂಟಿನಲ್ಲಿ ನೆನೆಸಿ ಗಟ್ಟಿ ಮಾಡಿದ ವಸ್ತು. ನಾರಿನ ಉದ್ದಕ್ಕೆ ಎಳೆದರೆ ಅದರ ಶಕ್ತಿ ದೊಡ್ಡದು. ಪದರ ಪದರದ ನಡುವೆ ಇರುವುದು ಮಾತ್ರ ಬರೀ ಅಂಟು. ಅಲ್ಲಿ ಬಿಟ್ಟುಕೊಂಡರೆ ಅದಕ್ಕೆ ಡಿಲ್ಯಾಮಿನೇಷನ್ ಅನ್ನುತ್ತಾರೆ, ಅಂದರೆ ಪದರ ಬಿಡುವುದು.

ನಿಮ್ಮ ಡ್ರಿಲ್ ಬಿಟ್‌ನ ತುದಿಯನ್ನು ಎದುರಿನಿಂದ, ಭೂತಗನ್ನಡಿ ಹಿಡಿದು ನೋಡಿ. ಎರಡು ಕತ್ತರಿಸುವ ಅಂಚುಗಳ ನಡುವೆ ಒಂದು ಪುಟ್ಟ ಅಡ್ಡಗೆರೆ ಕಾಣುತ್ತದೆ. ಅದು ಚಿಸೆಲ್ ಎಡ್ಜ್. ಅದು ಕತ್ತರಿಸುವುದಿಲ್ಲ, ಅರೆಯುತ್ತಾ ಮುಂದಕ್ಕೆ ತಳ್ಳುತ್ತದೆ. ಬಿಟ್ ಕೆಳಮುಖವಾಗಿ ಹಾಕುವ ಒತ್ತಡದಲ್ಲಿ ದೊಡ್ಡ ಪಾಲು ಈ ಗೆರೆಯದ್ದೇ. ಲೋಹದಲ್ಲಿ ಇದರಿಂದ ಅಷ್ಟೇನೂ ತೊಂದರೆ ಇಲ್ಲ. ಇಲ್ಲಿ ಇದೇ ತೊಂದರೆ.

ಬಿಟ್ ಕೆಳಗಿಳಿದ ಹಾಗೆ ಅದರ ತುದಿಯ ಕೆಳಗೆ ಉಳಿಯುವ ಪದರಗಳು ಕಡಿಮೆಯಾಗುತ್ತವೆ. ಹೋಚೆಂಗ್ ಮತ್ತು ಧರಣ್ ಎಂಬ ಇಬ್ಬರು ಸಂಶೋಧಕರು 1990ರಲ್ಲಿ ಇದರ ಲೆಕ್ಕ ಕೊಟ್ಟರು. ಅದರ ಪ್ರಕಾರ ಪದರ ಬಿಡಿಸಲು ಬೇಕಾಗುವ ಒತ್ತಡ, ಉಳಿದ ದಪ್ಪದ ಒಂದೂವರೆ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಸರಳವಾಗಿ ಹೇಳಿದರೆ, ಉಳಿದ ದಪ್ಪ ಕಾಲು ಭಾಗಕ್ಕೆ ಇಳಿದರೆ ಅದು ತಡೆಯುವ ಒತ್ತಡ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ತೂತಿನ ಬಹುಪಾಲು ನೀವು ಹೇಗೆ ಕೊರೆದರೂ ನಡೆಯುತ್ತದೆ. ಕೆಡುವುದು ಕೊನೆಯ ಅರ್ಧ ಮಿಲಿಮೀಟರ್‌ನಲ್ಲಿ.

ಒಳಹೊಗುವ ಕಡೆ ಬೇರೆ ರೀತಿಯ ಕಾಟ. ಬಿಟ್‌ನ ತಿರುಚಿದ ಅಂಚು ಮೇಲಿನ ಪದರವನ್ನು ಹಿಡಿದು ಸ್ಕ್ರೂ ಥರ ಮೇಲಕ್ಕೆ ಎಳೆಯುತ್ತದೆ. ಇದು ಸಾಮಾನ್ಯವಾಗಿ ಚಿಕ್ಕದು, ಆದರೆ ಕಣ್ಣಿಗೆ ಬೀಳುತ್ತದೆ.

ಬೇಕಾಗುವ ಸಾಮಾನು

ಹರಿತವಾದ ಬಿಟ್, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಅಥವಾ ಗಟ್ಟಿ ಪ್ಲೈವುಡ್ ತುಂಡು, ಕ್ಲ್ಯಾಂಪ್‌ಗಳು, ಮಾಸ್ಕಿಂಗ್ ಟೇಪ್, ಭೂತಗನ್ನಡಿ, ವ್ಯಾಕ್ಯೂಮ್ ಕ್ಲೀನರ್, ಕನ್ನಡಕ, ಮಾಸ್ಕ್. ಸ್ಟ್ಯಾಂಡ್ ಇರುವ ಡ್ರಿಲ್ ಮೆಷಿನ್ ಇದ್ದರೆ ತುಂಬ ಒಳ್ಳೆಯದು. ಕೈ ಡ್ರಿಲ್ ಒಂದೇ ಇದ್ದರೆ ಡ್ರಿಲ್ ಗೈಡ್ ಬೇಕೇ ಬೇಕು. ಬಿಟ್ ನೆಟ್ಟಗೆ ನಿಲ್ಲುವಂತೆ ಹಿಡಿಯುವ ಉಕ್ಕಿನ ಬುಷ್ ಅದು.

ಹಂತ 1: ಯಾವ ನಾರು ಅಂತ ತಿಳಿದುಕೊಳ್ಳಿ

ಕಾರ್ಬನ್ ನಾರು ಪೆಡಸು, ಪಟ್ಟನೆ ಮುರಿಯುತ್ತದೆ. ಒಳ್ಳೆಯ ಅಂಚು ಸಿಗುತ್ತದೆ, ಆದರೆ ಬಿಟ್ಟನ್ನು ಉಪ್ಪುಕಾಗದದಂತೆ ಸವೆಸಿಬಿಡುತ್ತದೆ. ಗ್ಲಾಸ್ ನಾರೂ ಸವೆಸುತ್ತದೆ. ಜೊತೆಗೆ ಶಾಖವನ್ನು ಸಾಗಿಸುವುದಿಲ್ಲ, ಬಿಸಿ ತೂತಿನಲ್ಲೇ ನಿಲ್ಲುತ್ತದೆ. ಕೆವ್ಲಾರ್‌ನಂಥ ಅರಾಮಿಡ್ ನಾರು ಬೇರೆಯೇ ಜಾತಿ. ಅದು ಮುರಿಯುವುದಿಲ್ಲ, ಬಾಗಿ ಅಂಚಿನಿಂದ ತಪ್ಪಿಸಿಕೊಳ್ಳುತ್ತದೆ, ತೂತಿನ ತುಂಬ ಜುಂಗು ಬಿಡುತ್ತದೆ. ಅದರ ಮಾತು ಮುಂದೆ ಬರುತ್ತದೆ.

ಶೀಟಿನ ಕೊನೆಯ ಪದರ ಬಟ್ಟೆಯಂತೆ ನೇಯ್ದದ್ದೋ, ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ ಇರುವಂಥದ್ದೋ ಅಂತಲೂ ನೋಡಿ. ಒಂದೇ ದಿಕ್ಕಿನ ಎಳೆಗಳಾದರೆ ಸಿಬಿರು ಎದ್ದಾಗ ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ. ನೇಯ್ಗೆಯಲ್ಲಿ ಅಡ್ಡ ಎಳೆ ಅದನ್ನು ತಡೆಯುತ್ತದೆ. ಶೀಟನ್ನು ನೀವೇ ತಯಾರಿಸುವುದಾದರೆ, ಎರಡೂ ಮುಖಕ್ಕೆ ತೆಳುವಾದ ಗ್ಲಾಸ್ ಬಟ್ಟೆಯ ಒಂದೊಂದು ಪದರ ಹಾಕಿಬಿಡಿ. ಮುಂದಿನ ಅರ್ಧ ಕಷ್ಟ ಅಲ್ಲೇ ತೀರುತ್ತದೆ.

ಹಂತ 2: ಧೂಳಿಗೆ ಮೊದಲೇ ದಾರಿ ಮಾಡಿ

ಈ ಹಂತವನ್ನು ಜಾಸ್ತಿ ಜನ ಹಾರಿಸುತ್ತಾರೆ. ಕಾರ್ಬನ್, ಗ್ಲಾಸ್ ಎರಡರ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಚರ್ಮಕ್ಕೆ ತಗುಲಿದರೆ ತುರಿಕೆ. ಬಟ್ಟೆಯ ಮಾಸ್ಕ್ ಸಾಲದು, ಎನ್95 ಅಥವಾ ಎಫ್‌ಎಫ್‌ಪಿ2 ದರ್ಜೆಯದ್ದಾದರೂ ಇರಲಿ. ವ್ಯಾಕ್ಯೂಮ್ ಕೊಳವೆಯ ಬಾಯಿ ತೂತಿನ ಪಕ್ಕದಲ್ಲೇ ಇರಬೇಕು, ಅದರಲ್ಲಿ ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರಬೇಕು. ಏರ್ ಗನ್‌ನಿಂದ ಊದಿ ಶುಚಿ ಮಾಡಬೇಡಿ, ಧೂಳು ಕೋಣೆ ತುಂಬುತ್ತದೆ ಅಷ್ಟೇ.

ಕಾರ್ಬನ್ ಧೂಳಿನಲ್ಲಿ ಇನ್ನೊಂದು ಅಪಾಯವಿದೆ. ಅದರಲ್ಲಿ ವಿದ್ಯುತ್ ಹರಿಯುತ್ತದೆ. ಡ್ರಿಲ್‌ನ ಮೋಟಾರಿಗೋ, ಸಿಎನ್‌ಸಿಯ ಕಂಟ್ರೋಲ್ ಬೋರ್ಡಿಗೋ, ಪಕ್ಕದಲ್ಲಿ ತೆರೆದಿಟ್ಟ ಲ್ಯಾಪ್‌ಟಾಪಿಗೋ ಹೋದರೆ ಶಾರ್ಟ್ ಆಗಬಹುದು.

ಕೈಗವಸಿನ ಬಗ್ಗೆಯೂ ಒಂದು ಮಾತು. ಶೀಟು ಎತ್ತಿಡುವಾಗ ಹಾಕಿಕೊಳ್ಳಿ. ಕಾರ್ಬನ್ ಸಿಬಿರು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ. ಬಿಟ್ ತಿರುಗುತ್ತಿರುವಾಗ ಮಾತ್ರ ಸಡಿಲ ಕೈಗವಸು ಬೇಡ, ಸುತ್ತಿಕೊಂಡು ಕೈಯನ್ನೇ ಎಳೆಯುತ್ತದೆ.

ಹಂತ 3: ಗುರುತು ಹಾಕಿ, ಪಂಚ್ ಹೊಡೆಯಬೇಡಿ

ಲೋಹದ ಕೆಲಸದ ಅಭ್ಯಾಸ ಇರುವವರು ಮಾಡುವ ಮೊದಲ ತಪ್ಪು ಇದೇ. ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದರೆ ಮೇಲೆ ಚಿಕ್ಕ ಚುಕ್ಕೆ ಕಾಣುತ್ತದೆ, ಒಳಗೆ ಪದರಗಳು ಬಿಟ್ಟಿರುತ್ತವೆ. ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಅಡ್ಡ ಉದ್ದ ಗೆರೆ ಹಾಕಿ. ಬಿಟ್ ಜಾರುತ್ತದೆ ಅನ್ನಿಸಿದರೆ ಗುರುತಿನ ಮೇಲೆ ಚಿಕ್ಕ ಬಿಟ್ಟನ್ನು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ ಗುಳಿ ಮಾಡಿಕೊಳ್ಳಿ.

ತೂತಿನ ಮಧ್ಯದಿಂದ ಶೀಟಿನ ಅಂಚಿಗೆ, ತೂತಿನ ವ್ಯಾಸದ ಮೂರು ಪಟ್ಟು ದೂರ ಬಿಡಿ. 6 ಮಿಮೀ ತೂತಿಗೆ 18 ಮಿಮೀ. ಲೋಹದಲ್ಲಿ ಎರಡು ಪಟ್ಟು ಸಾಕಾಗುತ್ತಿತ್ತು, ಇಲ್ಲಿ ಸಾಲದು. ಒಂದು ತೂತಿನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ನಾಲ್ಕು ಪಟ್ಟಾದರೂ ಇರಲಿ.

ಟೇಪ್ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ಟೇಪ್ ಅಂಟಿಸಿದರೆ ಪದರ ಬಿಡುವುದಿಲ್ಲ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅದು ಗುರುತಿಗೆ ಒಳ್ಳೆಯದು, ಮೇಲ್ಮೈಯ ಚೂರುಪಾರು ಏಳುವುದನ್ನೂ ಸ್ವಲ್ಪ ತಡೆಯುತ್ತದೆ. ಬಿಟ್‌ನ ಒತ್ತಡದ ಮುಂದೆ ಕಾಗದದ ಟೇಪ್ ಏನು ಮಾಡೀತು, ಅಲ್ವಾ? ಕೊನೆಗೆ ಟೇಪ್ ಕೀಳುವಾಗಲೂ ಹುಷಾರು. ಮೇಲಕ್ಕೆ ಎತ್ತಿ ಎಳೆಯದೆ, ಮಡಚಿದಂತೆ ಹಿಡಿದು ತೂತಿನ ಕಡೆಗೇ ಎಳೆಯಿರಿ.

ಹಂತ 4: ಹಿಂದೆ ಆಸರೆ ಕೊಡಿ

ಇಡೀ ಲೇಖನದಲ್ಲಿ ಒಂದೇ ಒಂದು ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಶೀಟಿನ ಹಿಂದೆ ಎಂಡಿಎಫ್ ತುಂಡು ಇಟ್ಟು, ಶೀಟಿನ ಜೊತೆ ಅದನ್ನೂ ಕೊರೆಯಿರಿ. ಇದಕ್ಕೆ ಬ್ಯಾಕಪ್ ಪ್ಲೇಟ್ ಅನ್ನುತ್ತಾರೆ. ಕೊನೆಯ ಪದರಕ್ಕೆ ಕೆಳಗೆ ಬಾಗಲು ಜಾಗವೇ ಇಲ್ಲದಿದ್ದರೆ ಅದು ಬಿಟ್ಟುಕೊಳ್ಳುವುದು ಹೇಗೆ?

ಸುಮ್ನೆ ಕೆಳಗೆ ಇಟ್ಟರೆ ಸಾಲದು. ಶೀಟಿಗೂ ಹಲಗೆಗೂ ನಡುವೆ ಕೂದಲೆಳೆಯ ಸಂದು ಇದ್ದರೂ ಕೊನೆಯ ಪದರ ಅಷ್ಟರಲ್ಲೇ ಬಾಗುತ್ತದೆ. ತೂತಿನ ಎರಡೂ ಪಕ್ಕ, ಆದಷ್ಟು ಹತ್ತಿರ ಕ್ಲ್ಯಾಂಪ್ ಹಾಕಿ. ನಡುವೆ ಧೂಳು, ಚೂರು ಇರದಂತೆ ಒರೆಸಿ. ಹಲಗೆಯ ಹೊಸ ಜಾಗ ಬಳಸಿ. ಹೋದ ಸಲ ಕೊರೆದ ತೂತಿನ ಮೇಲೆಯೇ ಮತ್ತೆ ಇಟ್ಟರೆ ಅಲ್ಲಿ ಆಸರೆಯೇ ಇಲ್ಲ. ಹತ್ತಾರು ತೂತು ಕೊರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ಮೊದಲನೆಯದು ಚೆನ್ನಾಗಿ ಬರುತ್ತದೆ, ಎರಡನೆಯದರಿಂದ ಸಿಬಿರು ಶುರು. ತಪ್ಪನ್ನು ಪಾಪದ ಬಿಟ್ ಮೇಲೆ ಹಾಕುತ್ತಾರೆ.

ಬಾಗಿದ ಭಾಗಕ್ಕೆ ಚಪ್ಪಟೆ ಹಲಗೆ ಕೂರುವುದಿಲ್ಲ. ಆ ಜಾಗಕ್ಕೆ ರಿಲೀಸ್ ಫಿಲ್ಮ್ ಹಾಕಿ, ಅಂದರೆ ಅಂಟು ಹಿಡಿಯದ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಪಾಲಿಯೆಸ್ಟರ್ ಪುಟ್ಟಿಯ ಮುದ್ದೆ ಒತ್ತಿ, ಗಟ್ಟಿಯಾದ ಮೇಲೆ ಅದನ್ನೇ ಆಸರೆ ಮಾಡಿಕೊಳ್ಳಿ. ಕೊಳವೆಗೆ ಕೊರೆಯುವುದಾದರೆ ಒಳಗೆ ಬಿಗಿಯಾಗಿ ಕೂರುವ ಮರದ ಗೂಟ ಸಾಕು.

ಮೇಲ್ಮುಖವೂ ಕಾಣುವಂಥದ್ದಾಗಿದ್ದರೆ ಅದರ ಮೇಲೂ ತೆಳು ಹಲಗೆ ಇಟ್ಟು, ಮೂರನ್ನೂ ಒಟ್ಟಿಗೆ ಕೊರೆಯಿರಿ.

ಹಂತ 5: ಬಿಟ್ ಆರಿಸಿ

ಸಾಮಾನ್ಯ ಎಚ್‌ಎಸ್‌ಎಸ್ ಬಿಟ್, ಅಂದರೆ ಲೋಹಕ್ಕೆ ಬಳಸುವ ಹೈ ಸ್ಪೀಡ್ ಸ್ಟೀಲ್ ಬಿಟ್, ಕಾರ್ಬನ್‌ನಲ್ಲಿ ಕೆಲವೇ ತೂತಿಗೆ ಮೊಂಡಾಗುತ್ತದೆ. ಒಂದೆರಡು ತೂತಿನ ಕೆಲಸಕ್ಕೆ ಹೊಸ ಎಚ್‌ಎಸ್‌ಎಸ್ ನಡೆಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಇಡಿಯಾಗಿ ಟಂಗ್‌ಸ್ಟನ್ ಕಾರ್ಬೈಡ್‌ನಿಂದ ಮಾಡಿದ ಬಿಟ್ ತಗೊಳ್ಳಿ. ನೂರಾರು ತೂತು ಇದ್ದರೆ ವಜ್ರದ ಲೇಪ ಇರುವ ಕಾರ್ಬೈಡ್. ಪಿಸಿಡಿ ಅಂತ ಇನ್ನೊಂದಿದೆ. ಕೃತಕ ವಜ್ರದ ಪುಡಿಯನ್ನು ಒತ್ತಿ ಮಾಡಿದ ತುಂಡನ್ನು ತುದಿಗೆ ಬೆಸೆದಿರುತ್ತಾರೆ. ತುಂಬ ಬಾಳುತ್ತದೆ, ತುಂಬ ದುಬಾರಿ, ಕೆಳಗೆ ಬಿದ್ದರೆ ಚೂರಾಗುತ್ತದೆ.

ಆಕಾರವೂ ಅಷ್ಟೇ ಮುಖ್ಯ. ಡ್ಯಾಗರ್ ಡ್ರಿಲ್ ಅನ್ನುವುದು ಉದ್ದ ಚೂಪು ತುದಿಯದ್ದು, ತೂತನ್ನು ನಿಧಾನವಾಗಿ ಅಗಲ ಮಾಡುತ್ತಾ ಹೋಗುತ್ತದೆ, ಒತ್ತಡ ಕಡಿಮೆ. ಆದರೆ ಹಿಂದೆ ಉದ್ದನೆಯ ಖಾಲಿ ಜಾಗ ಬೇಕು. ಬ್ರ್ಯಾಡ್ ಪಾಯಿಂಟ್ ಬಿಟ್‌ನ ಹೊರ ಅಂಚಿನಲ್ಲಿ ಎರಡು ಚೂಪು ಮೊನೆ ಇರುತ್ತವೆ. ಅವು ಮೊದಲು ಸುತ್ತಲೂ ನಾರನ್ನು ಕತ್ತರಿಸುತ್ತವೆ, ಒಳಭಾಗ ಆಮೇಲೆ ಬರುತ್ತದೆ. ಅರಾಮಿಡ್‌ಗೆ ಇಂಥದ್ದೇ ಬೇಕು. ನಾರು ತಪ್ಪಿಸಿಕೊಳ್ಳುವ ಮೊದಲೇ ಅದನ್ನು ಹೊರಗಿನಿಂದ ಒಳಕ್ಕೆ ಬಿಗಿಯಾಗಿ ಎಳೆದು ಕತ್ತರಿಸುವ ಅಂಚು ಅದು.

ವಿಶೇಷ ಬಿಟ್ ಇಲ್ಲದವರು ಮೊದಲು ಚಿಕ್ಕ ತೂತು ಕೊರೆದು, ಆಮೇಲೆ ದೊಡ್ಡದು ಹಾಕಬಹುದು. ಈ ಚಿಕ್ಕ ತೂತಿಗೆ ಪೈಲಟ್ ತೂತು ಅನ್ನುತ್ತಾರೆ. ಅದರಿಂದ ದೊಡ್ಡ ಬಿಟ್‌ನ ಚಿಸೆಲ್ ಎಡ್ಜ್‌ಗೆ ತಳ್ಳಲು ಏನೂ ಸಿಗುವುದಿಲ್ಲ. ಪೈಲಟ್‌ನ ಅಳತೆ ಆ ಅಡ್ಡಗೆರೆಯ ಉದ್ದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. ಇನ್ನೂ ದೊಡ್ಡದು ಮಾಡಿದರೆ ಎರಡನೇ ಬಿಟ್ ಕಚ್ಚಿಕೊಂಡು ತಾನಾಗಿಯೇ ಒಳಕ್ಕೆ ನುಗ್ಗುತ್ತದೆ. ಆಗ ಬಿಟ್ ಎಷ್ಟು ಬೇಗ ಇಳಿಯಬೇಕು ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಹಂತ 6: ಸ್ಪೀಡ್ ಮತ್ತು ಫೀಡ್

ಸ್ಪೀಡ್ ಅಂದರೆ ಬಿಟ್ ತಿರುಗುವ ವೇಗ. ಫೀಡ್ ಅಂದರೆ ಒಂದು ಸುತ್ತಿಗೆ ಬಿಟ್ ಎಷ್ಟು ಒಳಗೆ ಹೋಗುತ್ತದೆ ಅನ್ನುವುದು. ಒತ್ತಡವನ್ನು ಹೆಚ್ಚಾಗಿ ನಿರ್ಧರಿಸುವುದು ಫೀಡ್. ಅದಕ್ಕೇ ಇಲ್ಲಿ ಸೂತ್ರ ಸರಳ: ಸ್ಪೀಡ್ ಜಾಸ್ತಿ, ಫೀಡ್ ಕಡಿಮೆ.

ಕಾರ್ಬೈಡ್ ಬಿಟ್‌ಗೆ, ಬಿಟ್‌ನ ಹೊರ ಅಂಚು ಚಲಿಸುವ ವೇಗ ನಿಮಿಷಕ್ಕೆ 60ರಿಂದ 120 ಮೀಟರ್, ಫೀಡ್ ಸುತ್ತಿಗೆ 0.02ರಿಂದ 0.06 ಮಿಮೀ ಇಟ್ಟು ಶುರು ಮಾಡಿ. ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದನ್ನು ಕಂಡುಹಿಡಿಯಲು ಈ ವೇಗವನ್ನು 1000ದಿಂದ ಗುಣಿಸಿ, ಬಿಟ್ ವ್ಯಾಸದ 3.14 ಪಟ್ಟಿನಿಂದ ಭಾಗಿಸಿ. 6 ಮಿಮೀ ಬಿಟ್, 80 ಮೀಟರ್ ವೇಗ ಅಂದರೆ ಸುಮಾರು 4250 ಆರ್‌ಪಿಎಂ. ಸುತ್ತಿಗೆ 0.03 ಮಿಮೀ ಫೀಡ್ ಆದರೆ ನಿಮಿಷಕ್ಕೆ ಸುಮಾರು 127 ಮಿಮೀ. ಅಂದರೆ 4 ಮಿಮೀ ಶೀಟು ದಾಟಲು ಎರಡು ಸೆಕೆಂಡಿನ ಆಸುಪಾಸು. ಎಚ್‌ಎಸ್‌ಎಸ್ ಬಿಟ್ ಆದರೆ ವೇಗ ಇದರ ಅರ್ಧಕ್ಕಿಂತ ಕೆಳಗಿರಲಿ.

ಹಾಗಂತ ಫೀಡನ್ನು ಸೊನ್ನೆಯ ಹತ್ತಿರ ತರಬೇಡಿ. ಬಿಟ್ ಕತ್ತರಿಸದೆ ಒಂದೇ ಕಡೆ ಉಜ್ಜುತ್ತಾ ನಿಂತರೆ ಬಿಸಿ ಏರುತ್ತದೆ. ಕೋಣೆಯ ಉಷ್ಣಾಂಶದಲ್ಲೇ ಗಟ್ಟಿಯಾಗುವ ಎಪಾಕ್ಸಿ ರೆಸಿನ್‌ಗಳಲ್ಲಿ ಅನೇಕವು 50ರಿಂದ 80 ಡಿಗ್ರಿ ಸೆಲ್ಸಿಯಸ್ ನಡುವೆಯೇ ಮೆತ್ತಗಾಗುತ್ತವೆ. ಮೆತ್ತಗಾದ ರೆಸಿನ್ ನಾರನ್ನು ಹಿಡಿದುಕೊಳ್ಳುವುದಿಲ್ಲ, ಬಿಟ್‌ಗೆ ಮೆತ್ತಿಕೊಳ್ಳುತ್ತದೆ. ಸುಟ್ಟ ವಾಸನೆ ಬಂತು ಅಂದರೆ ಫೀಡ್ ಕಡಿಮೆಯಾಗಿದೆ, ಇಲ್ಲ ಬಿಟ್ ಮೊಂಡಾಗಿದೆ.

ಬಿಟ್ ತಣಿಸಲು ಹಾಕುವ ಕೂಲಂಟ್ ಎಣ್ಣೆ ಬೇಡ. ಆಮೇಲೆ ಆ ಜಾಗಕ್ಕೆ ಅಂಟಾಗಲಿ ಪೇಂಟಾಗಲಿ ಹಿಡಿಯುವುದಿಲ್ಲ. ಒಣಗಿದ್ದಂತೆಯೇ ಕೊರೆದು, ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆಯುವುದು ಸಲೀಸು. ಒಳಗೆ ಜೇನುಗೂಡಿನಂಥ ಕೋರ್ ಇರುವ ಪ್ಯಾನಲ್‌ಗೆ ನೀರೂ ಬೇಡ, ಒಳಗೆ ಸೇರಿದರೆ ಹೊರಬರುವುದಿಲ್ಲ.

ಹಂತ 7: ಕೊರೆಯಿರಿ

ಬಿಟ್ ಪೂರ್ತಿ ವೇಗಕ್ಕೆ ಬಂದ ಮೇಲೆ ಶೀಟಿಗೆ ತಾಗಿಸಿ. ಮೊದಲ ಪದರವನ್ನು ಮೆಲ್ಲಗೆ ದಾಟಿ, ನಡುವೆ ಒಂದೇ ಸಮನಾದ ಗತಿಯಲ್ಲಿ ಹೋಗಿ, ಕೊನೆಯ ಪದರ ಬಂತು ಅನ್ನುವಾಗ ಒತ್ತಡವನ್ನು ಬಹುತೇಕ ಬಿಟ್ಟುಬಿಡಿ. ಅದು ಗೊತ್ತಾಗುವುದು ಹೇಗೆ? ಡ್ರಿಲ್ ಸ್ಟ್ಯಾಂಡ್‌ನ ಆಳದ ಅಳತೆ ನೋಡಿ, ಅಥವಾ ಶೀಟಿನ ದಪ್ಪಕ್ಕೆ ತಕ್ಕಂತೆ ಬಿಟ್ ಮೇಲೆ ಟೇಪ್ ಸುತ್ತಿ. ಕೈ ಡ್ರಿಲ್‌ನಲ್ಲಿ ಕೊನೆಗೆ ತಡೆ ಇದ್ದಕ್ಕಿದ್ದ ಹಾಗೆ ಕಡಿಮೆಯಾಗುತ್ತದೆ, ಒತ್ತುತ್ತಿದ್ದ ಕೈ ಅದೇ ರಭಸದಲ್ಲಿ ಮುಂದಕ್ಕೆ ಹೋಗುತ್ತದೆ. ಆ ಒಂದು ಕ್ಷಣದಲ್ಲೇ ಸಿಬಿರೇಳುವುದು.

ತೂತು ಮುಗಿದ ಮೇಲೆ ಬಿಟ್ ತಿರುಗುತ್ತಿರುವಾಗಲೇ ಹೊರಗೆ ತೆಗೆಯಿರಿ. ಒಳಗೆ ನಿಲ್ಲಿಸಿ ಎಳೆದರೆ ಅಂಚು ನಾರಿಗೆ ಸಿಕ್ಕಿ ಮೇಲಿನ ಪದರ ಕಿತ್ತು ಬರುತ್ತದೆ.

ದೋಣಿಯ ಜೆಲ್‌ಕೋಟ್ ಇರುವ ಗ್ಲಾಸ್ ಫೈಬರ್ ಆದರೆ ಒಂದು ಉಪಾಯ. ಜೆಲ್‌ಕೋಟ್ ಅಂದರೆ ಮೇಲಿನ ಬಣ್ಣದ ಗಾಜಿನಂಥ ಪದರ. ಡ್ರಿಲ್ಲನ್ನು ಮೊದಲು ಉಲ್ಟಾ ತಿರುಗಿಸಿ ಆ ಪದರ ದಾಟಿ. ಕಚ್ಚದೆ ಅರೆದುಕೊಂಡು ಹೋಗುತ್ತದೆ, ಅಂಚು ಒಡೆಯುವುದಿಲ್ಲ. ಆಮೇಲೆ ಸರಿ ದಿಕ್ಕಿಗೆ ಹಾಕಿ. ಹೋಲ್ ಸಾ, ಅಂದರೆ ಬಳೆಯಾಕಾರದ ಗರಗಸ ಬಳಸುವಾಗಲೂ ಇದೇ ಉಪಾಯ. ಹಿಂಭಾಗಕ್ಕೆ ಕೈ ಎಟುಕುವುದಾದರೆ, ಪೈಲಟ್ ತೂತು ಹಿಡಿದುಕೊಂಡು ಎರಡೂ ಕಡೆಯಿಂದ ಅರ್ಧರ್ಧ ಕೊರೆಯುವುದು ಇನ್ನೂ ಒಳ್ಳೆಯದು.

ಹಂತ 8: ದೊಡ್ಡ ತೂತಾದರೆ ಮಿಲ್ಲಿಂಗ್ ಮಾಡಿ

ಸಿಎನ್‌ಸಿ ಇರುವವರು 10 ಮಿಮೀಗಿಂತ ದೊಡ್ಡ ತೂತಿಗೆ ಡ್ರಿಲ್ ಹಾಕದಿರುವುದೇ ಮೇಲು ಅಂತ ನನ್ನ ಅಭಿಪ್ರಾಯ. ತೂತಿಗಿಂತ ಚಿಕ್ಕ ಎಂಡ್ ಮಿಲ್, ಅಂದರೆ ಪಕ್ಕದಿಂದಲೂ ಕತ್ತರಿಸುವ ಟೂಲ್ ಹಾಕಿ, ಅದು ಸುರುಳಿಯಾಗಿ ಸುತ್ತುತ್ತಾ ಇಳಿಯುವಂತೆ ಪ್ರೋಗ್ರಾಂ ಮಾಡಿ. ಇದು ಹೆಲಿಕಲ್ ಮಿಲ್ಲಿಂಗ್. ವಿಮಾನದ ಭಾಗ ಮಾಡುವವರು ಆರ್ಬಿಟಲ್ ಡ್ರಿಲ್ಲಿಂಗ್ ಅನ್ನುತ್ತಾರೆ. ಕೆಳಮುಖ ಒತ್ತಡ ತುಂಬ ಕಡಿಮೆ, ಧೂಳು ಹೊರಬರಲು ಪಕ್ಕದಲ್ಲಿ ಜಾಗ, ಒಂದೇ ಟೂಲ್‌ನಲ್ಲಿ ಬೇರೆ ಬೇರೆ ಅಳತೆಯ ತೂತು.

20 ಮಿಮೀ ತೂತಿಗೆ 12 ಮಿಮೀ ಟೂಲ್ ಅಂದುಕೊಳ್ಳಿ. ಟೂಲ್‌ನ ಮಧ್ಯ 8 ಮಿಮೀ ವ್ಯಾಸದ ವೃತ್ತದಲ್ಲಿ ಸುತ್ತುತ್ತದೆ. ಒಂದು ಸುತ್ತಿಗೆ 0.3ರಿಂದ 0.5 ಮಿಮೀ ಇಳಿಸಿ. ಟೂಲ್‌ನ ವ್ಯಾಸ ತೂತಿನ ಅರ್ಧಕ್ಕಿಂತ ಜಾಸ್ತಿ ಇರಬೇಕು. ಇಲ್ಲದಿದ್ದರೆ ನಡುವೆ ಗುಂಡನೆಯ ತುಂಡು ಉಳಿದು, ಕೊನೆಗೆ ಬಿಡಿಸಿಕೊಂಡು ಟೂಲ್‌ಗೆ ಬಡಿಯುತ್ತದೆ.

ಇಲ್ಲಿ ಫೀಡ್‌ನ ಲೆಕ್ಕದಲ್ಲಿ ಮೋಸ ಹೋಗುವುದು ಸುಲಭ. ನೀವು ಬರೆಯುವ ಫೀಡ್ ಟೂಲ್‌ನ ಮಧ್ಯದ್ದು. ಕತ್ತರಿಸುತ್ತಿರುವ ಹೊರ ಅಂಚು ದೊಡ್ಡ ವೃತ್ತದಲ್ಲಿ ಹೋಗುತ್ತಿರುತ್ತದೆ. ಮೇಲಿನ ಉದಾಹರಣೆಯಲ್ಲಿ 20ನ್ನು 8ರಿಂದ ಭಾಗಿಸಿ, ಎರಡೂವರೆ ಪಟ್ಟು. ನಿಮಿಷಕ್ಕೆ 400 ಮಿಮೀ ಅಂತ ಬರೆದರೆ ತೂತಿನ ಗೋಡೆಯ ಹತ್ತಿರ 1000 ಮಿಮೀ ಆಗಿರುತ್ತದೆ. ಟೂಲ್ ಯಾಕೆ ಇಷ್ಟು ಬೇಗ ಸವೆಯಿತು ಅಂತ ತಲೆ ಕೆರೆದುಕೊಳ್ಳುವವರು ಮೊದಲು ಇದನ್ನು ನೋಡಿ.

ಅಂಚು ಮತ್ತು ಸ್ಲಾಟ್ ಕತ್ತರಿಸಲು ಎರಡು ಥರದ ರೌಟರ್, ಅಂದರೆ ಪಕ್ಕದಿಂದ ಕತ್ತರಿಸುವ ಟೂಲ್ ಇವೆ. ಮೈತುಂಬ ಅಡ್ಡ ಉದ್ದ ಹಲ್ಲುಗಳಿರುವ ಬರ್ ರೌಟರ್ ಎಲ್ಲ ಕೆಲಸಕ್ಕೂ ಆಗುತ್ತದೆ. ಕಂಪ್ರೆಷನ್ ರೌಟರ್‌ನಲ್ಲಿ ಕೆಳಗಿನ ಹಲ್ಲು ಮೇಲಕ್ಕೆ, ಮೇಲಿನ ಹಲ್ಲು ಕೆಳಕ್ಕೆ ಒತ್ತುತ್ತವೆ. ಹಾಗಾಗಿ ಎರಡೂ ಮುಖದ ಪದರಗಳು ಒಳಮುಖವಾಗಿ ಅಮುಕಿಕೊಳ್ಳುತ್ತವೆ. ಎರಡು ತಿರುಚು ಸೇರುವ ಜಾಗ ಶೀಟಿನ ದಪ್ಪದ ಮಧ್ಯಕ್ಕೆ ಬರುವಷ್ಟು ಟೂಲ್ ಇಳಿಸಬೇಕು. ಅದಕ್ಕಿಂತ ಮೇಲೆಯೇ ನಿಲ್ಲಿಸಿದರೆ ಅದು ಬರೀ ಮೇಲಕ್ಕೆ ಎಳೆಯುವ ಟೂಲ್ ಆಗಿಬಿಡುತ್ತದೆ.

ಹಂತ 9: ನೋಡಿ, ಅಳೆಯಿರಿ

ಭೂತಗನ್ನಡಿಯಲ್ಲಿ ಹೊರಬರುವ ಕಡೆಯನ್ನು ನೋಡಿ. ಸಿಬಿರು ಸುತ್ತಲೂ ಒಂದೇ ಸಮ ಇರುವುದಿಲ್ಲ. ಒಂದೇ ದಿಕ್ಕಿನ ಎಳೆಗಳ ಪದರವಾದರೆ ಎದುರುಬದುರು ಎರಡು ಕಡೆ ಮಾತ್ರ ಒರಟು ಕಾಣುತ್ತದೆ. ಬಿಟ್‌ನ ಅಂಚು ನಾರಿನ ಎದುರು ದಿಕ್ಕಿಗೆ ಓರೆಯಾಗಿ ಬರುವ ಜಾಗಗಳು ಅವು. ಅಲ್ಲಿ ನಾರು ಕತ್ತರಿಸುವ ಮೊದಲು ಬಾಗುತ್ತದೆ. ಬೇರೆ ಕಡೆ ನುಣುಪಾಗಿದ್ದು ಅಲ್ಲಿ ಮಾತ್ರ ಜುಂಗು ಹೆಚ್ಚುತ್ತಾ ಬಂದರೆ ಬಿಟ್ ಮೊಂಡಾಗುತ್ತಿದೆ ಅಂತ ಅರ್ಥ.

ಹಾನಿಯನ್ನು ಅಂಕಿಯಲ್ಲಿ ಹೇಳಲು ಡಿಲ್ಯಾಮಿನೇಷನ್ ಫ್ಯಾಕ್ಟರ್ ಇದೆ. ಪದರ ಬಿಟ್ಟ ಜಾಗದ ಅತಿ ದೊಡ್ಡ ವ್ಯಾಸವನ್ನು ತೂತಿನ ವ್ಯಾಸದಿಂದ ಭಾಗಿಸಿ. 6 ಮಿಮೀ ತೂತಿನ ಸುತ್ತ 7.2 ಮಿಮೀವರೆಗೆ ಬಿಟ್ಟಿದ್ದರೆ 1.2. ಗ್ಲಾಸ್ ಶೀಟಿನಲ್ಲಿ ಹಿಂದಿನಿಂದ ದೀಪ ಹಿಡಿದರೆ ಬಿಟ್ಟ ಜಾಗ ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣುತ್ತದೆ. ಕಾರ್ಬನ್‌ನಲ್ಲಿ ಬೆಳಕು ದಾಟುವುದಿಲ್ಲ. ನಾಣ್ಯದಿಂದ ಮೆಲ್ಲಗೆ ತಟ್ಟಿ ನೋಡಿ, ಬಿಟ್ಟ ಕಡೆ ಟೊಳ್ಳು ಸದ್ದು. ಚಿಕ್ಕ ಹಾನಿ ಇದರಲ್ಲಿ ಗೊತ್ತಾಗುವುದಿಲ್ಲ. ಜೀವ ನಂಬಿಕೊಂಡಿರುವ ಭಾಗಗಳಿಗೆ ಅಲ್ಟ್ರಾಸೌಂಡ್ ಪರೀಕ್ಷೆಯೇ ಆಗಬೇಕು.

ಬಿಟ್ ಎಷ್ಟು ತೂತು ಕೊರೆಯಿತು ಅಂತ ಬರೆದಿಡಿ. ಅಂಚು ಕೆಡಲು ಶುರುವಾದ ಲೆಕ್ಕ ಒಂದು ಸಲ ಸಿಕ್ಕಿದರೆ, ಮುಂದಿನ ಸಲ ಅದಕ್ಕಿಂತ ಮೊದಲೇ ಬದಲಿಸಬಹುದು.

ಹಂತ 10: ಸರಿಪಡಿಸಿ, ಬೋಲ್ಟ್ ಹಾಕಿ

ಎದ್ದ ಸಿಬಿರನ್ನು ಕೈಯಿಂದ ಎಳೆಯಬೇಡಿ, ಇನ್ನಷ್ಟು ಸೀಳುತ್ತದೆ. ಹರಿತ ಬ್ಲೇಡಿನಿಂದ ಕತ್ತರಿಸಿ, ನುಣ್ಣನೆಯ ಉಪ್ಪುಕಾಗದವನ್ನು ಅಂಚಿನಿಂದ ತೂತಿನ ಒಳಮುಖವಾಗಿ ಆಡಿಸಿ. ಅರಾಮಿಡ್ ಜುಂಗನ್ನು ಉಜ್ಜಿದರೆ ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ. ಮೊದಲು ಅದಕ್ಕೆ ತೆಳು ಎಪಾಕ್ಸಿ ಸವರಿ, ಗಟ್ಟಿಯಾದ ಮೇಲೆ ಉಜ್ಜಿ.

ಪದರ ಸ್ವಲ್ಪ ಬಿಟ್ಟಿದ್ದರೆ ತೆಳು ಎಪಾಕ್ಸಿಯನ್ನು ಸಂದಿಗೆ ಇಳಿಯಲು ಬಿಡಿ. ತುಸು ಬಿಸಿ ಮಾಡಿದರೆ ಬೇಗ ಇಳಿಯುತ್ತದೆ. ಎರಡೂ ಕಡೆ ರಿಲೀಸ್ ಫಿಲ್ಮ್ ಇಟ್ಟು ಕ್ಲ್ಯಾಂಪ್ ಮಾಡಿ, ಗಟ್ಟಿಯಾದ ಮೇಲೆ ತೂತನ್ನು ಮತ್ತೆ ಅಳತೆಗೆ ತನ್ನಿ. ಭಾರ ಹೊರದ ಭಾಗಗಳಿಗೆ ಇಷ್ಟು ಸಾಕು. ಭಾರ ಹೊರುವ ಭಾಗವಾದರೆ ಅದನ್ನು ವಿನ್ಯಾಸ ಮಾಡಿದವರನ್ನು ಕೇಳದೆ ಬಳಸಬೇಡಿ.

ತೂತಿನ ಒಳಗೋಡೆಗೆ ತೆಳು ಎಪಾಕ್ಸಿ ಹಚ್ಚಿ, ತೇವ ಒಳಗೆ ಹೋಗುವುದಿಲ್ಲ. ತಲೆ ಹುದುಗುವ ಸ್ಕ್ರೂಗೆ ಕೌಂಟರ್‌ಸಿಂಕ್ ಮಾಡುವುದಾದರೆ ಆಳ ಶೀಟಿನ ದಪ್ಪದ ಮೂರನೇ ಎರಡು ಭಾಗ ಮೀರಬಾರದು. ಬೋಲ್ಟ್ ಬಿಗಿ ಅಂತ ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ. ತಲೆಗೂ ನಟ್‌ಗೂ ಅಗಲ ವಾಷರ್ ಹಾಕಿ. ಕಾರ್ಬನ್‌ಗೆ ಅಲ್ಯೂಮಿನಿಯಂ ಬೋಲ್ಟೋ ರಿವೆಟ್ಟೋ ನೇರವಾಗಿ ತಾಗಿದರೆ, ತೇವ ಸಿಕ್ಕ ಕೂಡಲೇ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಅಲ್ಲಿಗೆ ಟೈಟಾನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಹಾಕಿ. ಕಾರ್ಬನ್ ಶೀಟಿಗೆ ಅಲ್ಯೂಮಿನಿಯಂ ಭಾಗವನ್ನೇ ಜೋಡಿಸಬೇಕಿದ್ದರೆ ನಡುವೆ ಗ್ಲಾಸ್ ಬಟ್ಟೆಯ ಒಂದು ಪದರ ಇರಲಿ.